ಬಾಗಿಲ ಹಿಂದೆ ಹಿಡಿದ ಸೀರೆ

ನಮ್ಮತ್ತೆ ಆ ಜಾಗಕ್ಕೆ ಯಾವತ್ತೂ ಬಾಗಿಲಿನಿಂದಲೇ ಹೋಗುತ್ತಿದ್ದರು. ಎಡಕ್ಕೆ ಗೋಡೆ ಇರಲಿಲ್ಲ, ಬಲಕ್ಕೂ ಇರಲಿಲ್ಲ, ಮೇಲೆ ಆಕಾಶ. ಮೊಣಕಾಲೆತ್ತರದ ತಳಪಾಯ, ಅದರ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದ ಹಲಸಿನ ಮರದ ಚೌಕಟ್ಟು, ಅಷ್ಟೇ. ಕೋಳಿ, ನಾಯಿ, ಪಕ್ಕದ ಮನೆಯ ಮೇಕೆ ಎಲ್ಲ ಎಲ್ಲಿಂದ ಬೇಕೋ ಅಲ್ಲಿಂದ ನುಗ್ಗುತ್ತಿದ್ದವು. ಅತ್ತೆ ಮಾತ್ರ ಸುತ್ತಿಕೊಂಡು ಮುಂಭಾಗಕ್ಕೆ ಬಂದು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋಗುತ್ತಿದ್ದರು. ಒಳಗೆ ಅಂದರೆ ಬಯಲಿಗೆ. ಶುಕ್ರವಾರ ಶುಕ್ರವಾರ ಆ ಹೊಸಿಲು ತೊಳೆದು ಅರಿಶಿನ ಬಳಿಯುತ್ತಿದ್ದರು. ಮಳೆ ಬಂದರೆ ನಾನು ಗೊಬ್ಬರದ ಚೀಲ ಬಿಚ್ಚಿ ಮೇಲಿನ ಪಟ್ಟಿಗೆ ಹೊದಿಸಿ ಬರುತ್ತಿದ್ದೆ.

ಈ ಬಾಗಿಲ ವಿಷಯ ದೆಹಲಿಯ ಲೋಕಸಭೆಯಲ್ಲಿ ಎರಡು ಸಲ ಬಂದಿದೆ. ಆಗ ನಮ್ಮ ಕಡೆಯಿಂದ ಗೆದ್ದಿದ್ದ ಎಂಪಿ ಒಬ್ಬ ಹೆಂಗಸು. ಎದ್ದು ನಿಂತು ಕನ್ನಡದಲ್ಲೇ ಹೇಳಿದರು. ಮೊದಲನೇ ಸಲ ಹೇಳಿದ್ದನ್ನು ಇಡೀ ತಾಲ್ಲೂಕು ಕೇಳಿತು. ಎರಡನೇ ಸಲ ಹೇಳಿದ್ದನ್ನು ನಾನು ಕೇಳಿದೆ, ನಮ್ಮ ಯಜಮಾನರು ಕೇಳಿದರು, ಅತ್ತೆಗೆ ಫೋನನ್ನು ಕಿವಿ ಹತ್ತಿರ ಹಿಡಿದು ಕೇಳಿಸಿದೆ. ಬೇರೆ ಯಾರಾದರೂ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಟಿ. ನರಸೀಪುರ ತಾಲ್ಲೂಕು, ಮುಡುಕುತೊರೆ ಬೆಟ್ಟದ ಕೆಳಗಿನ ಊರು. ಕೊಟ್ಟಿದ್ದು ನಂಜನಗೂಡು ತಾಲ್ಲೂಕಿಗೆ, ದೇವನೂರು ದಾಟಿ ಇನ್ನೂ ಒಳಗೆ. ನಮ್ಮ ಯಜಮಾನರು ತಾಂಡವಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ, ಕಂಟ್ರಾಕ್ಟಿನ ಮೇಲೆ. ನಮ್ಮದು ಕಲ್ಲು ಮಣ್ಣಿನ ಗೋಡೆಯ ಹಂಚಿನ ಮನೆ. ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ, ಅಡುಗೆಮನೆ ಕಡೆಯ ಗೋಡೆ ನೆನೆದು ನೆನೆದು ಒಂದು ಬೆಳಗ್ಗೆ ಒಲೆಯ ಮೇಲೆಯೇ ಕೂತುಬಿಟ್ಟಿತು. ನಾನಾಗ ನೀರು ತರಲು ಹೋಗಿದ್ದೆ. ದೇವರು ನಂಜುಂಡಪ್ಪ ಅಷ್ಟು ಮಾಡಿದ, ಬಿಂದಿಗೆ ತುಂಬುವ ತನಕ ನನ್ನನ್ನು ಅಲ್ಲೇ ನಿಲ್ಲಿಸಿದ. ಉಳಿದ ಗೋಡೆಗಳನ್ನು ನಾವೇ ಬೀಳಿಸಿ ಕಲ್ಲು, ಹಂಚು ಒಂದು ಕಡೆ ಪೇರಿಸಿಟ್ಟೆವು.

ಅವತ್ತಿನಿಂದ ನಾವು ಮೂವರೂ ನನ್ನ ಓರಗಿತ್ತಿಯ ಮನೆಯ ಹಿಂದಿನ ಕೋಣೆಯಲ್ಲಿ. ಕೆಟ್ಟವಳಲ್ಲ. ಜಾಗ ಕೊಟ್ಟಳು, ಅನ್ನ ಇಕ್ಕಿದಳು, ಅದನ್ನು ನಾನು ಮರೆತರೆ ನನ್ನ ನಾಲಿಗೆಗೆ ಹುಳ ಬೀಳಲಿ. ಆದರೆ ಆ ಕೋಣೆಯಲ್ಲಿ ಒಲೆ ಹೂಡುವ ಹಾಗಿರಲಿಲ್ಲ. ಅವಳ ಒಲೆ ಬಿಡುವಾದ ಮೇಲೆ ನನ್ನದು. ನಾನು ಮದುವೆಯಾದಾಗಿನಿಂದ ಸೋಮವಾರ ಮಡಿಯಲ್ಲಿ ಪಾಯಸ ಮಾಡಿ ನಂಜುಂಡೇಶ್ವರನ ಪಟಕ್ಕೆ ಇಟ್ಟು ಆಮೇಲೆ ಬಾಯಿಗೆ ನೀರು ಹಾಕಿಕೊಳ್ಳುವವಳು. ಅಲ್ಲಿ ಸೋಮವಾರ ಅವಳು ರಾತ್ರಿ ಉಳಿದ ಸಾರು ಬಿಸಿ ಮಾಡುವ ಒಲೆಯ ಪಕ್ಕ, ಅವಳು ಮುಗಿಸುವ ತನಕ ಸೆರಗು ಬಿಗಿದು ನಿಂತುಕೊಂಡು, "ಅಕ್ಕ, ಆಯ್ತಾ?" ಅಂತ ಕೇಳಬೇಕು. ಅವಳು "ಇರು, ದೇವ್ರೇನ್ ಎಲ್ಲೂ ಓಗಕಿಲ್ಲ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅರಮನೆ ಅಲ್ಲ, ಯಾರನ್ನೂ ಕೇಳದೆ ಹಚ್ಚುವ ಒಂದು ಒಲೆ. ಅದಕ್ಕೊಂದು ಗೋಡೆ, ಮೇಲೊಂದು ಸೂರು.

ಬಾಗಿಲ ಮಾತು ಬರುವುದಕ್ಕೂ ಮುಂಚೆ, ಎಂಪಿಯವರ ಭಾಷಣ ನಾನು ಮೊದಲು ಕೇಳಿದ್ದು ಆ ಕೋಣೆಯಲ್ಲೇ, ಅಕ್ಕಿ ಆರಿಸುತ್ತಾ, ಯಜಮಾನರ ಫೋನಿನಲ್ಲಿ. ಮನೆಗಳ ವಿಷಯದ ಚರ್ಚೆ. ಬೇರೆಯವರೆಲ್ಲ ಕೋಟಿ, ಯೋಜನೆ, ಪ್ರಗತಿ ಅಂತ ಹೇಳಿದರು. ಈಯಮ್ಮ ಎದ್ದು, ಸರ್ಕಾರ ಕೊಡುವ ಮನೆಯ ನಕ್ಷೆಯಲ್ಲಿ ಹಾಲ್ ಇದೆ, ರೂಮ್ ಇದೆ, ಒಲೆಯ ಹೊಗೆ ಹೋಗಲು ದಾರಿ ಎಲ್ಲಿದೆ ತೋರಿಸಿ ಅಂದರು. ಇನ್ನೊಬ್ಬರ ಮನೆಯ ಮೂಲೆಯಲ್ಲಿ ಇರುವವರನ್ನು ಸರ್ವೆಯಲ್ಲಿ ಸೂರು ಇರುವವರು ಅಂತ ಬರೆದುಕೊಳ್ಳುತ್ತಿದ್ದೀರಿ, ಅದು ಯಾರ ಸೂರು ಅಂತ ಕೇಳಿದ್ದೀರಾ ಅಂದರು. ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಮನೆಯ ಹಕ್ಕುಪತ್ರ ಹೆಂಗಸಿನ ಹೆಸರಲ್ಲೇ ಇರಬೇಕು ಅಂತಲೂ ಪಟ್ಟು ಹಿಡಿದು ಮಾತಾಡಿದರು. ಅತ್ತೆಗೆ ಹೇಳಿದೆ. ಅತ್ತೆ, "ಒಲೆ ಮುಂದೆ ಕೂತೆದ್ದವ್ಳೇ ಇರ್ಬೇಕು ಕಣವ್ವ, ಇಲ್ದಿದ್ರೆ ಒಗೆ ಗ್ಯಾನ ಯಾರ್ಗ್ ಬತ್ತದೆ" ಅಂದರು. ಆಮೇಲೆ ಅವರು ಮಾತಾಡಿದ್ದು ಯಾವುದು ಬಂದರೂ ನಾನು ಕೇಳುತ್ತಿದ್ದೆ, ಕೆಲವರು ಹರಿಕಥೆ ಕೇಳುವ ಹಾಗೆ.

ಮಾರನೇ ವರ್ಷ ನಮಗೆ ಮನೆ ಮಂಜೂರಾಯಿತು, ನನ್ನ ಹೆಸರಿಗೆ. ಕಟ್ಟಿದ ಹಾಗೆ ಕಂತು. ತಳಪಾಯ ಆದಾಗ ಒಂದು ಫೋಟೋ, ಗೋಡೆ ಎದ್ದಾಗ ಒಂದು, ಸೂರು ಬಿದ್ದಾಗ ಒಂದು. ಪಂಚಾಯಿತಿಯ ಬಿಲ್ ಕಲೆಕ್ಟರ್ ಬಂದು ತನ್ನ ಫೋನಿನಲ್ಲಿ ತೆಗೆದು ಕಳಿಸಬೇಕು, ಅದನ್ನು ನೋಡಿ ಮುಂದಿನ ಕಂತು. ತಳಪಾಯದ್ದು ಬಂತು, ಹಾಕಿಸಿದೆವು. ಮುಂದೆ ಆಷಾಢ. ಆಷಾಢದಲ್ಲಿ ಬಾಗಿಲು ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಜ್ಯೇಷ್ಠ ಮುಗಿಯುವುದರೊಳಗೆ ಒಳ್ಳೆಯ ದಿನ ನೋಡಿ ಚೌಕಟ್ಟು ನಿಲ್ಲಿಸಿ ಪೂಜೆ ಮಾಡಿಬಿಟ್ಟೆವು. ನಮ್ಮ ಕಡೆ ಮೊದಲು ಬಾಗಿಲು ನಿಲ್ಲುತ್ತದೆ, ಆಮೇಲೆ ಅದರ ಎರಡು ಕಡೆಗೆ ಗೋಡೆ ಏಳುತ್ತದೆ. ಹೊಸಿಲ ಕೆಳಗೆ ನವಧಾನ್ಯ ಹಾಕಿ, ಮೇಲಿನ ಪಟ್ಟಿಗೆ ಅರಿಶಿನದ ಬಟ್ಟೆ ಕಟ್ಟಿ, ಮಾವಿನ ತೋರಣ ಬಿಟ್ಟು, ಹೂವು ಹಾಕಿ ಪೂಜೆ.

ನಮ್ಮತ್ತೆ ಮನೆತನದಲ್ಲಿ ಇನ್ನೊಂದು ನಡವಳಿಕೆ ಇದೆ. ಪೂಜೆಯ ಹೊತ್ತಿನಲ್ಲಿ ಬಾಗಿಲೊಳಗಿಂದ ಬಯಲು ಕಾಣಬಾರದು. "ಅಂಗೇ ಬಯ್ಲು ಕಾಣುಸ್ಕಂಡ್ ಪೂಜೆ ಮಾಡಿದ್ರೆ ಒಳ್ಳೇದಾಗಕಿಲ್ಲ ಕಣವ್ವ. ನಮ್ಮತ್ತೆ ಕಾಲ್ದಿಂದ್ಲೂ ಇಂದ್ಗಡೆ ಸೀರೆ ಇಡೀತೀವಿ" ಅಂದರು. ಕಟ್ಟಲು ಮೊಳೆ ಇಲ್ಲ, ಗೋಡೆ ಇಲ್ಲ, ಗಾಳಿ ಬೇರೆ. ನನ್ನ ಮದುವೆಯ ಕೆಂಪಂಚಿನ ಹಸಿರು ಸೀರೆ ತಂದು, ಒಂದು ತುದಿಯನ್ನು ಊರುಗೋಲಿಗೆ ಗಂಟು ಹಾಕಿ, ಇನ್ನೊಂದು ತುದಿ ಹಿಡಿದುಕೊಂಡು ನಾನು ಚೌಕಟ್ಟಿನ ಹಿಂದೆ ಬಿಸಿಲಿಗೆ ನಿಂತೆ.

ಅದೇ ಹೊತ್ತಿಗೆ ಬಿಲ್ ಕಲೆಕ್ಟರ್ ಬಂದ. "ಅಕ್ಕ, ಬಾಗ್ಲು ನಿಲ್ಸಿದ್ದೀರಾ, ಒಂದು ಫೋಟೋ ಆಕಿರ್ತೀನಿ, ಮುಂದುಕ್ಕೆ ಅನುಕೂಲ" ಅಂದ. ನಮ್ಮ ಊರಿನವನೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಫಲಾನುಭವಿ ನೀವು, ನೀವೇ ನಿಂತ್ಕಬೇಕು."

"ನಾನ್ ಬಂದ್ರೆ ಸೀರೆ ಹಾರೋಗುತ್ತೆ ಕಣಪ್ಪ. ಅತ್ತೆ ನಿಂತ್ಕೊಳ್ಲಿ, ಹಿರೇರು."

ಅತ್ತೆ ಆರತಿ ತಟ್ಟೆ ಹಿಡಿದು ಹೊಸಿಲ ಒಳಗೆ ನಿಂತರು.

"ಅಜ್ಜಿ, ನಗಜ್ಜಿ. ಆಧಾರ್ ಕಾರ್ಡಿಗೆ ಕೊಟ್ಟ ಮೊಕ ಬ್ಯಾಡ."

"ನಿನ್ ಮದ್ವೆ ಫೋಟೋದಲ್ಲಿ ನೀನೇ ನಕ್ಕಿಲ್ವಲ್ಲೋ, ನಾ ಯಾಕ್ಲಾ ನಗ್ಲಿ?" ಅಂದು ಅತ್ತೆ ತಾವೇ ನಕ್ಕರು. ಅದನ್ನೇ ಹಿಡಿಯಲು ಅವನು ಫೋನ್ ಎತ್ತಿದ. ನಾನು ಹಿಂದಿನಿಂದ ಕೂಗಿ ಹೇಳಿದೆ, "ಹತ್ರ ತೆಗಿಯಪ್ಪ, ಪಕ್ಕದ ತಿಪ್ಪೆ ಕಾಣೋದು ಬೇಡ, ಊರುಗೋಲೂ ಬೇಡ, ದೃಷ್ಟಿಯಾಗುತ್ತೆ." ಅವನು ಹತ್ತಿರ ಬಂದು ತೆಗೆದ. ಈ ತಪ್ಪು ನನ್ನದು. ಯಾರನ್ನು ಬೈದುಕೊಂಡರೂ ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಶ್ರಾವಣದ ಒಂದು ದಿನ ಯಜಮಾನರು ಫ್ಯಾಕ್ಟರಿಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಫೋನ್ ಹಿಡಿದು ಒಳಗೆ ಬಂದರು. "ನೋಡಿಲ್ಲಿ, ನಮ್ಮವ್ವ ಪಾರ್ಲಿಮೆಂಟಿಗೆ ಹೋಗವ್ರೆ!" ಎಂಪಿಯವರು ನಿಂತು ಮಾತಾಡುತ್ತಿದ್ದರು. "ಮಾನ್ಯ ಅಧ್ಯಕ್ಷರೇ, ನನ್ನ ಕೈಯಲ್ಲೊಂದು ಫೋಟೋ ಇದೆ. ಇಲ್ಲಿ ಎತ್ತಿ ತೋರಿಸಲು ನಿಯಮ ಒಪ್ಪುವುದಿಲ್ಲ, ಅದಕ್ಕೆ ಬಾಯಲ್ಲೇ ಹೇಳುತ್ತೇನೆ. ನಂಜನಗೂಡು ಕಡೆಯ ಒಬ್ಬ ವೃದ್ಧ ತಾಯಿ ತನ್ನ ಹೊಸ ಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ಹೊಸಿಲಿಗೆ ಅರಿಶಿನ, ಮೇಲೆ ತೋರಣ, ಹಿಂದೊಂದು ಹಸಿರು ಪರದೆ. ಆ ಪರದೆಯ ಆಚೆ ಒಲೆ ಉರಿಯುತ್ತಿದೆ ಎಂದು ನನ್ನ ನಂಬಿಕೆ. ಇಂಥ ಬಾಗಿಲು ಇನ್ನೂ ಎಷ್ಟೋ ತಾಯಂದಿರಿಗೆ ಬೇಕಾಗಿದೆ." ಸುತ್ತ ಕೂತವರು ಮೇಜು ಕುಟ್ಟಿದರು. ಆಮೇಲೆ ಅವರು ಬಾಡಿಗೆಯವರ ಬಗ್ಗೆ, ಹೆಂಗಸರ ಹಕ್ಕುಪತ್ರದ ಬಗ್ಗೆ, ಇಟ್ಟಿಗೆ ಸಿಮೆಂಟು ದುಬಾರಿಯಾದರೂ ಕಂತು ಹಾಗೇ ಇದೆ ಅನ್ನುವುದರ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು.

ಸುಳ್ಳು ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ. ಬಾಗಿಲು ನಮ್ಮದೇ, ಅತ್ತೆ ನಮ್ಮವರೇ, ತೋರಣ ನಾನೇ ಕಟ್ಟಿದ್ದು. ಊರಿಗೆಲ್ಲ ಸಕ್ಕರೆ ಹಂಚಿದೆ. ಸೋಮವಾರ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ, ಹೊಳೆಯಲ್ಲಿ ಮುಳುಗಿ, ದೇವರಿಗೆ ತುಪ್ಪದ ದೀಪ ಹಚ್ಚಿ ಬಂದೆ. ಅವತ್ತಿನ ನನ್ನ ಭಕ್ತಿ ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಕಂತು ಬರಲಿಲ್ಲ. ದೀಪಾವಳಿ ಹತ್ತಿರ ಬಂತು, ಪಂಚಾಯಿತಿಗೆ ಹೋದೆ. ಪಿಡಿಒ ಕಂಪ್ಯೂಟರ್ ನೋಡಿ, "ನಿಮ್ ಮನೆ ಕಂಪ್ಲೀಟ್ ಆಗೈತಲ್ಲಮ್ಮ, ಮುಗ್ದಿರೋ ಮನೆಗೆ ಇನ್ನು ಕಂತು ಬರಲ್ಲ" ಅಂದರು.

"ಇಲ್ಲ ಸಾರ್, ಗೋಡೆನೇ ಎದ್ದಿಲ್ಲ. ಬಂದು ನೋಡಿ."

"ನಾನ್ ನೋಡಿದ್ರೆ ಏನ್ ಬಂತು? ಸಿಸ್ಟಂ ನೋಡ್ಬೇಕು. ಗೃಹಪ್ರವೇಶದ ಫೋಟೋನೇ ಐತಿಲ್ಲಿ."

"ಅದು ಬಾಗಿಲು ಪೂಜೆದು ಸಾರ್."

"ಎಂಪಿ ಮೇಡಂ ಪಾರ್ಲಿಮೆಂಟಲ್ಲೇ ಹೇಳವ್ರೆ. ಈಗ ನಾನು ಏನಂತ ಬರೀಲಿ ಮೇಲಕ್ಕೆ? ಎಂಪಿ ಸುಳ್ಳು ಹೇಳಿದ್ರು ಅಂತ ಬರೀಲಾ?"

ಬಿಲ್ ಕಲೆಕ್ಟರನ್ನು ಹಿಡಿದು ಕೇಳಿದೆ. ಅವನ ಮುಖ ಬಾಡಿತು. "ನಾನ್ ಬರೀ ಫೋಟೋ ಕಳ್ಸಿದ್ದು ಅಕ್ಕ. ಇಷ್ಟ್ ಮನೆ ಮುಗ್ಸಿ ಅಂತ ಮೇಲಿಂದ ದಿನಾ ಒತ್ತಡ. ಅಲ್ಲಿ ಯಾರೋ ನೋಡವ್ರೆ. ತೋರಣ ಐತೆ, ಅಜ್ಜಿ ನಗ್ತಾವ್ಳೆ, ಮುಗುದೋಯ್ತು ಅಂತ ಬಟನ್ ಒತ್ತವ್ರೆ. ಚೆಂದಾಗೈತೆ ಅಂತ ಎಂಪಿ ಆಪೀಸಿಗೂ ಅದ್ನೇ ಕೊಟ್ಟವ್ರೆ." ಹಾಗೆ ನಮ್ಮ ಮನೆ ಮುಗಿದಿತ್ತು.

ತಾಲ್ಲೂಕು ಕಚೇರಿಗೆ ಹೋದೆ, ಮೈಸೂರಿಗೂ ಹೋದೆ. ಎಲ್ಲ ಕಡೆಯೂ ಅದೇ ಫೋಟೋ ಅವರ ಬಳಿಯೇ ಇತ್ತು, ನನಗೇ ತಿರುಗಿಸಿ ತೋರಿಸಿದರು. ಇಷ್ಟರಲ್ಲಿ ಓರಗಿತ್ತಿ ಮಗನಿಗೆ ಹೆಣ್ಣು ಗೊತ್ತಾಗಿ, ಯುಗಾದಿ ಹೊತ್ತಿಗೆ ಕೋಣೆ ಬೇಕು ಅಂತ ಹೇಳಿದಳು. ತಪ್ಪೇನಿಲ್ಲ, ಅವಳ ಮನೆ. ಆದರೆ ಹೇಳಿದ ರೀತಿ ಮಾತ್ರ ಇವತ್ತಿಗೂ ಇಳಿದಿಲ್ಲ. "ಪಾರ್ಲಿಮೆಂಟಲ್ಲಿ ಮನೆ ಐತಲ್ಲವ್ವ ನಿಂಗೆ. ಇನ್ನೇನು, ಅಲ್ಲಿಗೇ ಸಾಮಾನು ಸಾಗ್ಸು."

ಕಾರ್ತೀಕದಲ್ಲಿ ತವರಿಗೆ ಹೋಗಿದ್ದಾಗ ಎಂಪಿಯವರು ಟಿ. ನರಸೀಪುರದ ಪ್ರವಾಸಿ ಮಂದಿರಕ್ಕೆ ಬರುತ್ತಾರೆ ಅಂತ ತಿಳಿಯಿತು. ಬಿಲ್ ಕಲೆಕ್ಟರ್ ಫೋನಿಗೆ ಹಾಕಿದ್ದ ಆ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿಕೊಂಡು, ಮುಡುಕುತೊರೆ ಮಲ್ಲಪ್ಪನಿಗೆ ಬೆಟ್ಟದ ಕೆಳಗಿನಿಂದಲೇ ಕೈಮುಗಿದು ಹೊರಟೆ. ಜನ ಅಂದರೆ ಜನ. ಎಲ್ಲರ ಕೈಯಲ್ಲೂ ಅರ್ಜಿ. ನನ್ನ ಸರದಿ ಬಂದಾಗ ಹೇಳಬೇಕು ಅಂದುಕೊಂಡದ್ದೆಲ್ಲ ಮರೆತುಹೋಯಿತು, ಫೋಟೋ ಮುಂದಿಟ್ಟೆ.

ಅವರ ಮುಖ ಅರಳಿತು. "ಓ, ಈ ತಾಯಿ! ಇವರ ಬಗ್ಗೆ ನಾನು ಮಾತಾಡಿದ್ದೇನಮ್ಮ. ನೀವು ಇವರ ಮಗಳಾ?"

"ಸೊಸೆ, ತಾಯಿ."

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ದೊಡ್ಡದು ಮಾಡಿದ್ದರಿಂದ ಎಲ್ಲ ಕಾಣುತ್ತಿತ್ತು. ಅವರ ಬೆರಳು ಹಸಿರು ಸೀರೆಯ ಅಂಚಿನ ಮೇಲೆ ಹೋಗಿ ನಿಂತಿತು. ಅಲ್ಲಿ ನಾಲ್ಕು ಬೆರಳು, ಎರಡು ಗಾಜಿನ ಬಳೆ.

"ಇದು ಯಾರ ಕೈ?"

"ನಂದೇ."

"ಪರದೆ ಯಾಕೆ ಹಿಡಿದುಕೊಂಡಿದ್ದೀರಿ? ಎಲ್ಲಿ ನಿಂತಿದ್ದೀರಿ ನೀವು?"

"ಮನೆ ಬರಬೇಕಾದ ಜಾಗದಲ್ಲಿ, ತಾಯಿ. ಬಿಸಿಲಲ್ಲಿ."

ಅವರಿಗೆ ಅರ್ಥವಾಯಿತು. ಬಿಡಿಸಿ ಹೇಳಬೇಕಾಗಲಿಲ್ಲ, ಅದೊಂದು ಪುಣ್ಯ. ಪಕ್ಕದಲ್ಲಿದ್ದ ಅವರ ಪಿಎ, "ಮೇಡಂ, ಮುಂದಿನ ಕಾರ್ಯಕ್ರಮ" ಅಂದ. "ಇರ್ರೀ" ಅಂದರು. ಒಂದೇ ಮಾತು, ಅವನು ಹಿಂದೆ ಸರಿದ. ಉಳಿದ ಅರ್ಜಿಗಳನ್ನು ತೆಗೆದುಕೊಂಡು ಮುಗಿಸಿ, "ಬನ್ನಿ, ನಡೀರಿ" ಅಂತ ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಜೀವನದಲ್ಲಿ ಮೊದಲ ಸಲ ಎಸಿ ಕಾರಿನಲ್ಲಿ ಕೂತೆ. ದಾರಿಯಲ್ಲಿ ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದು. "ಈಗ ಅಡುಗೆ ಎಲ್ಲಿ ಮಾಡ್ತೀರಿ?" ಓರಗಿತ್ತಿ ಒಲೆ, ಅವಳದು ಆದ ಮೇಲೆ ನನ್ನದು ಅಂದೆ. ಅವರು ಕಬ್ಬಿನ ಗದ್ದೆ ಕಡೆ ನೋಡುತ್ತಾ ಕೂತರು.

ನಾವು ಹೋಗುವಷ್ಟರಲ್ಲಿ ಸುದ್ದಿ ತಿಳಿದು ಅಧಿಕಾರಿಗಳು ಜೀಪಿನಲ್ಲಿ ಬಂದಿದ್ದರು. ಅತ್ತೆ ಅಲ್ಲೇ ಹೊಸಿಲ ಪಕ್ಕ ಕೂತಿದ್ದರು. ಅಧಿಕಾರಿಗಳು ಸೀದಾ ಪಕ್ಕದಿಂದ ತಳಪಾಯ ಹತ್ತಿದರು.

"ಏಯ್, ಯಾರ್ಲಾ ಅದು ಗ್ವಾಡೆ ನುಗ್ಕಂಡ್ ಬರೋದು! ಬಾಗ್ಲು ಕಾಣಾಕಿಲ್ವಾ?"

"ಅಜ್ಜಿ, ಗೋಡೆ ಎಲ್ಲೈತಜ್ಜಿ?" ಅಂದ ಒಬ್ಬ.

"ಅದ್ನೇ ಕಣ್ಲಾ ನಾನೂ ಕೇಳ್ತಿರೋದು!"

ಸೇರಿದ್ದ ಜನ ಗೊಳ್ಳೆಂದರು. ಎಂಪಿಯವರು ನಗಲಿಲ್ಲ. ಚಪ್ಪಲಿ ಬಿಟ್ಟು, ಹೊಸಿಲ ಹತ್ತಿರ ಬಗ್ಗಿ ನಮಸ್ಕಾರ ಮಾಡಿ, ಬಾಗಿಲಿನಿಂದ ಒಳಗೆ ಬಂದರು. ಅಷ್ಟು ತಿಂಗಳಲ್ಲಿ ಹೊರಗಿನವರು ಆ ಬಾಗಿಲಿಗೆ ಮರ್ಯಾದೆ ಕೊಟ್ಟಿದ್ದು ಅವರೊಬ್ಬರೇ. ಅತ್ತೆ ಕುಂಕುಮ ಇಟ್ಟರು. "ಅಮ್ಮ, ನಾನು ತಪ್ಪು ಹೇಳಿಬಿಟ್ಟೆ, ಅಲ್ಲೇ ಎದ್ದು ನಿಂತು ತಿದ್ದಿ ಹೇಳ್ತೀನಿ" ಅಂದರು ಎಂಪಿ. ಅತ್ತೆ, "ನೀವೇನ್ ಮಾಡೀರಿ ಬುಡಿ, ಫೋಟೋ ಅಷ್ಟ್ ಚೆಂದಾಗಿತ್ತು" ಅಂದರು.

ಅವರು ಮಾತಿಗೆ ತಪ್ಪಲಿಲ್ಲ. ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಧನುರ್ಮಾಸದಲ್ಲಿ ಸಭೆ ಸೇರಿದಾಗ ಎದ್ದು ನಿಂತರು. ಅವತ್ತು ಅವರ ಹಿಂದಿನ ಸೀಟುಗಳು ಖಾಲಿ. ಕೊಟ್ಟ ಹೊತ್ತೂ ಸ್ವಲ್ಪ. "ನಾನು ಈ ಸದನದಲ್ಲಿ ಹೇಳಿದ ಮಾತೊಂದು ನಿಜವಲ್ಲ. ಆ ಪರದೆಯ ಆಚೆ ಒಲೆ ಇರಲಿಲ್ಲ. ಪರದೆಯನ್ನು ಹಿಡಿದುಕೊಂಡ ಒಬ್ಬ ಹೆಣ್ಣುಮಗಳು ಇದ್ದಳು. ಅವಳ ಬೆರಳು ಫೋಟೋದಲ್ಲೇ ಇತ್ತು, ನಾನು ನೋಡಲಿಲ್ಲ" ಅಂದರು. ಮನೆ ಮುಗಿಯಿತು ಅಂತ ಬರೆಯಬೇಕಾದರೆ ಒಳಗೆ ಒಲೆ ಹಚ್ಚಿದವಳ ಸಹಿ ಇರಬೇಕು, ತಪ್ಪಾಗಿ ಮುಗಿದವು ಅಂತ ಬರೆದ ಮನೆಗಳ ಲೆಕ್ಕವನ್ನು ಮತ್ತೆ ತೆರೆಯಲು ದಾರಿ ಬೇಕು ಅಂತ ಕೇಳಿದರು. ಮುಂದಿನ ಮಾತು ಶುರು ಮಾಡುವಷ್ಟರಲ್ಲಿ ಹೊತ್ತು ಮುಗಿಯಿತು ಅಂತ ಕೂರಿಸಿದರು. ಮೇಜು ಯಾರೂ ಕುಟ್ಟಲಿಲ್ಲ.

ಬಾಗಿಲ ಫೋಟೋದ ಮೊದಲ ಭಾಷಣ ನಮ್ಮ ಊರಿನಲ್ಲಿ ಯಾರ ಫೋನಿನಲ್ಲಿ ಇರಲಿಲ್ಲ? ಎರಡನೆಯದನ್ನು ನಾನೇ ನಾಲ್ಕು ಜನಕ್ಕೆ ಕಳಿಸಿದೆ. ಒಬ್ಬಳು ಕೈಮುಗಿದ ಚಿತ್ರ ವಾಪಸ್ಸು ಹಾಕಿದಳು, ಅಷ್ಟೇ. ಆಮೇಲೆ ಬೇರೆಯೇ ಶುರುವಾಯಿತು. ಎಲ್ಲ ಮನೆಗಳನ್ನೂ ಮತ್ತೆ ಪರಿಶೀಲಿಸುತ್ತೇವೆ ಅಂತ ಪಂಚಾಯಿತಿಯವರು ಊರಿನ ಬೇರೆಯವರ ಕಂತನ್ನೂ ತಡೆದು ಇಟ್ಟರು. ನಲ್ಲಿ ಹತ್ತಿರ ಹೋದರೆ ಬಿಂದಿಗೆ ಸರಿಸಿ ಜಾಗ ಕೊಡುವವರಿಲ್ಲ. "ನಿನ್ನೊಂದ್ ಮನೆ ಎತ್ಕಂಡ್ ಡೆಲ್ಲಿ ಗಂಟ ಓದೆ, ನಮ್ ಮನೆವೂ ನಿಂತೋದ್ವು" ಅಂದಳು ಒಬ್ಬಳು. ಅವಳ ಮನೆಗೆ ಸೂರು ಬೀಳುವುದು ಬಾಕಿ ಇತ್ತು, ಟಾರ್ಪಾಲಿನ ಕೆಳಗೆ ಮಗು ಮಲಗಿಸುತ್ತಿದ್ದಳು. ನಾನು ನಿಜ ಹೇಳಿಸಿದ್ದಕ್ಕೆ ಕ್ಷಮೆ ಕೇಳಿ ನೀರು ಹಿಡಿದುಕೊಂಡು ಬಂದೆ.

ಸಂಕ್ರಾಂತಿ ಕಳೆದ ಮೇಲೆ ಎಂಪಿಯವರ ಕಚೇರಿಯಿಂದ ಕಾಗದ ಬಂತು. ಅವರ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರದ ಕನ್ನಡ. ಸದರಿ ಮನೆ ಪೂರ್ಣಗೊಂಡಿದೆ ಎಂದು ವರದಿಯಾಗಿದೆ, ಛಾಯಾಚಿತ್ರದ ಆಧಾರ ಲಭ್ಯವಿದೆ, ಪೂರ್ಣಗೊಂಡ ಮನೆಯನ್ನು ಮರುತೆರೆಯಲು ಅವಕಾಶವಿಲ್ಲ. ಅಂದರೆ ಎಂಪಿಯವರು ತಪ್ಪಾಯಿತು ಅಂತ ಒಪ್ಪಿಕೊಂಡರೂ ಫೋಟೋ ಒಪ್ಪಿಕೊಳ್ಳಲಿಲ್ಲ. ಕಾಗದದ ಕೆಳಗೆ ಅವರು ಕೈಯಲ್ಲೇ ಎರಡು ಸಾಲು ಬರೆದಿದ್ದರು, ಮತ್ತೆ ಎತ್ತುತ್ತೇನೆ, ಧೈರ್ಯವಾಗಿರಿ ಅಂತ. ಎತ್ತುತ್ತಿದ್ದರೋ ಏನೋ. ಮುಂದಿನ ಚುನಾವಣೆಯಲ್ಲಿ ಅವರಿಗೆ ಟಿಕೆಟ್ಟೇ ಸಿಗಲಿಲ್ಲ. ಒಲೆ, ಹೊಗೆ, ಬಾಡಿಗೆಯ ಮೂಲೆ ಅಂತ ಅಲ್ಲಿ ನಿಂತು ಮಾತಾಡುವವರನ್ನು ಆಮೇಲೆ ನಾನು ಫೋನಿನಲ್ಲಿ ಕಂಡಿಲ್ಲ. ಹುಡುಕುವುದನ್ನೂ ಬಿಟ್ಟೆ.

ಕಾಗದ ಓದಿ ಹೇಳಿದ ದಿನ ಅತ್ತೆ, "ಯುಗಾದಿಗ್ ಎಷ್ಟ್ ದಿನ ಐತವ್ವ?" ಅಂದರು. ಮಾರನೆಯ ದಿನದಿಂದ ಪೇರಿಸಿಟ್ಟಿದ್ದ ಹಳೇ ಮನೆಯ ಕಲ್ಲು ಹೊರಲು ಶುರು ಮಾಡಿದೆವು. ಯಜಮಾನರು ಪಾಳಿ ಮುಗಿಸಿ ಬಂದು ಕಟ್ಟುತ್ತಿದ್ದರು, ನಾನು ಕೆಸರು ಕಲಸಿ ಕೊಡುತ್ತಿದ್ದೆ. ಎದೆ ಮಟ್ಟದ ತನಕ ಕಲ್ಲು, ಅದರ ಮೇಲೆ ಕಂಬ ನಿಲ್ಲಿಸಿ ತಗಡು. ಮೂರು ಕಡೆಗೆ ಆಯಿತು. ಮುಂದಿನ ಗೋಡೆ ಮಾತ್ರ ಬಾಗಿಲಿನ ಎತ್ತರಕ್ಕೆ ತಂದೆವು, ಆ ಚೌಕಟ್ಟು ನಿಂತ ಮೇಲೆ ಅದಕ್ಕೊಂದು ಗೌರವ ಬೇಕಲ್ಲ. ಬಿಲ್ ಕಲೆಕ್ಟರ್ ಒಂದು ಭಾನುವಾರ ಬಂದು, ಯಾರ ಕಡೆಯೂ ನೋಡದೆ, ಮಧ್ಯಾಹ್ನದ ತನಕ ಕಲ್ಲು ಎತ್ತಿಕೊಟ್ಟು ಊಟಕ್ಕೂ ನಿಲ್ಲದೆ ಹೋದ. ಮುಂಗಾರು, ಹಿಂಗಾರು ಎರಡೂ ಮಳೆಯಲ್ಲಿ ಬಯಲಲ್ಲೇ ನಿಂತರೂ ಚೌಕಟ್ಟಿಗೆ ಗೆದ್ದಲು ಹಿಡಿದಿರಲಿಲ್ಲ. ಇವೆರಡನ್ನು ನಾನು ದೇವರ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ಯುಗಾದಿಯ ಹಿಂದಿನ ಸೋಮವಾರ ಹಾಲು ಉಕ್ಕಿಸಿದೆವು. ಓರಗಿತ್ತಿಯೇ ಮೊದಲು ಬಂದಳು, ಅರ್ಧ ಸೇರು ಬೆಲ್ಲ ತಂದಳು. ನನ್ನ ಒಲೆ ನನ್ನದೇ ಬೆಂಕಿಕಡ್ಡಿಯಿಂದ ಹತ್ತಿತು. ಅತ್ತುಬಿಟ್ಟೆ. ಅದು ಸಂತೋಷಕ್ಕೆ ಬಂದ ಅಳು ಅಂತ ಎಲ್ಲರೂ ಅಂದುಕೊಂಡರು.

ಮೊನ್ನೆ ಮನೆ ಇಲ್ಲದವರ ಹೊಸ ಪಟ್ಟಿ ಮಾಡುತ್ತೇವೆ ಅಂತ ಸರ್ವೆಯವನು ಬಂದ. ಹೊಸಬ, ಯಾವ ಊರಿನವನೋ. ತಗಡು ಕಾದಿತ್ತು, ಸಂದಿಯಲ್ಲಿ ಬಿಸಿಲು ಸುರಿಯುತ್ತಿತ್ತು. ನಾನು ಒಲೆ ಮುಂದೆ ಕೂತೇ ನಡೆದದ್ದೆಲ್ಲ ಹೇಳಿದೆ, ಹೆಸರು ಬರೆದುಕೊಳ್ಳಪ್ಪ ಅಂದೆ. ಅವನು ಫೋನಿನಲ್ಲಿ ನಮ್ಮ ಹಳೇ ಫೋಟೋ ಹುಡುಕಿ ನೋಡಿದ, ಬಾಗಿಲು ನೋಡಿದ, ಮತ್ತೆ ಫೋಟೋ ನೋಡಿದ.

"ಬಾಗ್ಲು ಅದೇ, ಜಾಗ ಅದೇ. ಒಳಗ್ ಒಲೆನೂ ಉರೀತೈತೆ. ಎಲ್ಲಾ ತಾಳೆ ಆಯ್ತಲ್ಲಮ್ಮ, ಇನ್ನೇನ್ ತಕರಾರು?"

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವರು ಬರೆದಿಟ್ಟ ಸುಳ್ಳಿಗೆ ನಾವೇ ಕಲ್ಲು ಹೊತ್ತು, ಕೆಸರು ಕಲಸಿ, ಗೋಡೆ ಕಟ್ಟಿಕೊಟ್ಟಿದ್ದೆವು.

"ಹೊಸ ಫೋಟೋ ಒಂದ್ ಬೇಕು. ಬಂದು ಬಾಗ್ಲಲ್ಲಿ ನಿಂತ್ಕಳಿ" ಅಂದ.

ಒಲೆಯ ಮೇಲೆ ದೇವರ ಪಾಯಸ ಇತ್ತು, ಸೋಮವಾರ. ಸೌಟು ಬಿಡುವ ಹಾಗಿರಲಿಲ್ಲ. ಇದ್ದರೂ ಏಳುತ್ತಿರಲಿಲ್ಲ. "ಈ ಮನೆ ಫೋಟೋ ನಿಮ್ಮ ಹತ್ರ ಆಗಲೇ ಐತಲ್ಲಪ್ಪ, ಅದ್ರಲ್ಲಿ ನಾನೂ ಇದ್ದೀನಿ, ಸರಿಯಾಗ್ ನೋಡು" ಅಂದು, ಬೆನ್ನು ತಿರುಗಿಸಿ ತಿರುವುತ್ತಾ ಕೂತೆ.